ಪ್ರತಿ ಎಲ್ಲಿದೆ?

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಗೆದ್ದಲು, ಬೆಂಕಿ, ನೀರು ಎಲ್ಲವೂ ಓಲೆಗೆ ಶತ್ರು. ಹಲವು ಊರುಗಳಲ್ಲಿ ಪ್ರತಿಯಿದ್ದರೆ ಒಂದು ಭಂಡಾರ ಹಾಳಾದರೂ ಕಾವ್ಯ ಉಳಿದೀತು.

ನನ್ನ ಸಂಶೋಧನೆಯ ಓಲೆಗರಿ ಚಿತ್ರಗಳಿರುವುದು ನಮ್ಮ ವಿಭಾಗದ ಸರ್ವರಿನ ಒಂದು ವರ್ಚುವಲ್ ಮಷೀನಿನಲ್ಲಿ. ಬ್ಯಾಕಪ್ ಡಿಸ್ಕ್ ಕೂಡ ಅದೇ ಕೋಣೆಯಲ್ಲಿತ್ತು. ಇದರ ಅಪಾಯ ನನಗೆ ಹೊಳೆದದ್ದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಘಟನೆ ಓದಿದಾಗ. 2021ರ ಮಾರ್ಚ್ 10ರಂದು ಅಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಕೆಲವು ಗ್ರಾಹಕರು ಎರಡನ್ನೂ ಕಳೆದುಕೊಂಡರು.

1960ರ ದಶಕದಲ್ಲಿ ಐಬಿಎಂ ವರ್ಚುವಲ್ ಮಷೀನನ್ನು ರೂಪಿಸಿತು. 1999ರಲ್ಲಿ ವಿಎಂವೇರ್ ಅದನ್ನು ಸಾಮಾನ್ಯ ಪಿಸಿಗಳಿಗೆ ತಂದಿತು. ಹೀಗೆ ಇಡೀ ಕಂಪ್ಯೂಟರೇ ಕಡತವಾದ ಮೇಲೆ ಅದನ್ನೂ ಓಲೆಯಂತೆ ಪ್ರತಿ ಮಾಡಬಹುದು. ಕ್ಲೌಡ್ ಡಿಸಾಸ್ಟರ್ ರಿಕವರಿಯ ತಿರುಳು ಇದೇ. ಮೊದಲು ಪೂರ್ತಿ ಪ್ರತಿ ದೂರದ ಡೇಟಾ ಸೆಂಟರಿಗೆ ಹೋಗುತ್ತದೆ, ಆಮೇಲೆ ಬದಲಾವಣೆಗಳಷ್ಟೇ. ಇಲ್ಲಿನ ಯಂತ್ರ ಕೈಕೊಟ್ಟರೆ ಅಲ್ಲಿನ ಪ್ರತಿಯನ್ನು ಚಾಲೂ ಮಾಡುತ್ತಾರೆ. ಎಷ್ಟು ನಿಮಿಷಗಳ ಕೆಲಸ ಹೋದರೆ ತಡೆದುಕೊಳ್ಳಬಹುದು, ಎಷ್ಟು ಹೊತ್ತಿನೊಳಗೆ ಎಲ್ಲ ಮತ್ತೆ ಶುರುವಾಗಬೇಕು ಎಂಬುದನ್ನು ಮೊದಲೇ ನಿರ್ಧರಿಸಿರಬೇಕು.

ನಾವೂ ಈ ವ್ಯವಸ್ಥೆ ಮಾಡಿಕೊಂಡೆವು. ಮೊದಲ ತಾಲೀಮಿನಲ್ಲಿ ಕ್ಲೌಡಿನ ಪ್ರತಿ ಬೂಟ್ ಆಯಿತು, ಚಿತ್ರಗಳು ಮಾತ್ರ ಕಾಣಲಿಲ್ಲ. ತಂತ್ರಾಂಶ ಡೇಟಾಬೇಸನ್ನು ಹಳೆಯ ಐಪಿ ವಿಳಾಸದಲ್ಲೇ ಹುಡುಕುತ್ತಿತ್ತು. ಸರಿಪಡಿಸಿ ಮತ್ತೆ ನೋಡಿದಾಗ ಮೊದಲ ಗರಿ ತೆರೆಯಿತು. ನಿಜವಾದ ಅವಘಡದ ದಿನ ಇದು ಗೊತ್ತಾಗಿದ್ದರೆ? ಈಗ ಆರು ತಿಂಗಳಿಗೊಮ್ಮೆ ಪ್ರತಿಯನ್ನು ತೆರೆದು ಓದಿ ನೋಡುತ್ತೇವೆ.