ಹೊಳನಗದ್ದೆಯ ಸುತ್ತಿನ ಮಾಗಿಯ ಬೆಳೆ

ಅರಸರ ವಂಶಾವಳಿಯನ್ನೂ ಕಾಳಗಗಳ ತಾರೀಖುಗಳನ್ನೂ ಶ್ರದ್ಧೆಯಿಂದ ಕಲಿಯುವ ನಾವು, ದಿನದಿನವೂ ನಮ್ಮ ಎಲೆಯ ಮೇಲೆ ಬೀಳುವ ಪಲ್ಯ ಹುಳಿಗಳ ಚರಿತ್ರೆಯನ್ನು ವಿಚಾರಿಸುವುದು ತೀರ ಅಪೂರ್ವ. ಅರಮನೆ ಬಿದ್ದರೆ ಅದರ ಕಲ್ಲಾದರೂ ಉಳಿಯುತ್ತದೆ. ಮಾಘಮಾಸದಲ್ಲಿ ಕೊಯ್ದ ಹರಿವೆ ಸೊಪ್ಪು ಮರುದಿನಕ್ಕೆ ಉಳಿಯದು. ಆದರೂ ಈ ಬೆಳೆಗೂ ಒಂದು ಚರಿತ್ರೆಯುಂಟು. ಅದನ್ನು ಓದುವ ಬಗೆ ಯಾವುದು, ಓದಿದರೆ ತಿಳಿಯುವುದೇನು ಎಂಬುದನ್ನು ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಹೊಳನಗದ್ದೆ ಮತ್ತು ಅದರ ನೆರೆಯ ತೀರಗ್ರಾಮಗಳನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ನೋಡೋಣ.

ಮೊದಲು ನೆಲದ ಮಾತು. ಪಡುವಲಲ್ಲಿ ಸಮುದ್ರ, ಮೂಡಲಲ್ಲಿ ಸಹ್ಯಾದ್ರಿ. ಇವೆರಡರ ನಡುವೆ ಕಿರಿದಾದ ಪಟ್ಟಿಯಂತೆ ಮಲಗಿರುವ ನೆಲ. ಕಡಲ ಬಳಿ ತೆಂಗಿನ ಸಾಲು, ಅದರ ಹಿಂದೆ ಬತ್ತದ ಗದ್ದೆ, ಅದರಾಚೆ ಜಂಬಿಟ್ಟಿಗೆಯ ಗುಡ್ಡ. ವರ್ಷದಲ್ಲಿ ೩೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದಾದರೂ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಮುಗಿದುಹೋಗುತ್ತದೆ. ದೀಪಾವಳಿಯ ಹೊತ್ತಿಗೆ ಗದ್ದೆಯ ಬತ್ತ ಕಣವನ್ನು ಸೇರುತ್ತದೆ. ಮುಂದಿನ ಕಾರ್ತಿಯವರೆಗೆ ಆಕಾಶವು ಹನಿ ನೀರನ್ನೂ ಕೊಡುವುದು ಕಡಿಮೆ. ಆಗ ರೈತನಿಗೆ ನೆರವಾಗುವುದು ಮರಳಿನ ಕೆಳಗೆ ಉಳಿದಿರುವ ಮಳೆಯ ನೀರು. ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ, ಮರಳಿನಲ್ಲಿ ಇಂಗಿದ ಮಳೆನೀರು ಕೆಳಗಿನ ಕಡಲನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಕೆಲವೇ ಮೊಳ ಅಗೆದರೆ ಅದು ಸಿಕ್ಕುತ್ತದೆ. ಆಶೆಪಟ್ಟು ಮಿತಿಮೀರಿ ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಮಾಗಿಯ ಬೆಳೆಯೆಲ್ಲ ಈ ತೆಳುವಾದ ಪದರವನ್ನು ನಂಬಿದೆ.

ಇನ್ನು ಬರೆಹದ ಆಧಾರಗಳನ್ನು ಹುಡುಕಿದರೆ ಒಂದು ವಿಚಿತ್ರವು ಕಾಣುತ್ತದೆ. ಈ ತೀರವು ದಾಖಲೆಗಳಿಲ್ಲದ ಮೂಲೆಯಲ್ಲ. ೧೬ನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದೇ ಕರೆದರು; ಮಿರ್ಜಾನಿನ ಕೋಟೆ ಹೊಳನಗದ್ದೆಗೆ ದೂರವಲ್ಲ. ಟಿಪ್ಪುವಿನ ಪತನಾನಂತರ ಕಂಪೆನಿ ಸರಕಾರದ ಆಜ್ಞೆಯಂತೆ ಹೊರಟ ಫ್ರಾನ್ಸಿಸ್ ಬುಕಾನನ್ ೧೮೦೧ರ ಆರಂಭದ ತಿಂಗಳುಗಳಲ್ಲಿ, ಎಂದರೆ ಸರಿಯಾಗಿ ಈ ಮಾಗಿಯ ಬೆಳೆಯ ಕಾಲದಲ್ಲಿ, ಈ ಕರಾವಳಿಯನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿದನು. ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಬತ್ತ, ತೆಂಗು, ಅಡಿಕೆ, ಮೆಣಸು, ಕಂದಾಯಗಳ ವಿಚಾರವು ವಿಸ್ತಾರವಾಗಿದೆ. ೧೮೬೨ರಲ್ಲಿ ಉತ್ತರ ಕೆನರಾ ಮುಂಬಯಿ ಆಧಿಪತ್ಯಕ್ಕೆ ಸೇರಿತು. ೧೮೮೩ರಲ್ಲಿ ಆ ಆಧಿಪತ್ಯದ ಗ್ಯಾಸೆಟಿಯರು ಜಿಲ್ಲೆಯ ಸಮಸ್ತ ವಿವರಗಳನ್ನೂ ಒಟ್ಟುಗೂಡಿಸಿತು.

ಈ ಎಲ್ಲ ಬರೆಹಗಳ ಕಣ್ಣು ಮುಖ್ಯವಾಗಿ ಸುಂಕದ ಕಟ್ಟೆಯ ಮೇಲೆ, ಕಂದಾಯದ ಲೆಕ್ಕದ ಮೇಲೆ. ಹಡಗನ್ನೇರಿದ್ದು ಬರೆಹಕ್ಕೇರಿತು, ತಲೆಯ ಮೇಲಿನ ಬುಟ್ಟಿಯಲ್ಲಿ ಸಂತೆಗೆ ಹೋದದ್ದು ಮರೆತುಹೋಯಿತು. ಇದಕ್ಕೆ ಕುಮಟೆಯ ಹೆಸರೇ ಸಾಕ್ಷಿ. ಅಮೆರಿಕದ ಅಂತರ್ಯುದ್ಧವು ನಡೆದ ೧೮೬೧ರಿಂದ ೧೮೬೫ರವರೆಗಿನ ವರ್ಷಗಳಲ್ಲಿ ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿಯ ಕ್ಷಾಮವುಂಟಾದಾಗ, ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಸಾಗುತ್ತಿತ್ತು. ಅಂಥ ಹತ್ತಿಗೆ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರಾಯಿತು. ಕುಮಟೆಯ ನೆಲದಲ್ಲಿ ಬೆಳೆಯದ ಹತ್ತಿ ಕುಮಟೆಯ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಕುಮಟೆಯ ಮರಳಿನಲ್ಲಿಯೇ ಬೆಳೆದ ಕಾಯಿಪಲ್ಲೆಗೆ ಆ ಭಾಗ್ಯವಿರಲಿಲ್ಲ.

ಹೀಗಿರುವಾಗ ನಾವು ಬೇರೆ ಸಾಕ್ಷಿಗಳನ್ನು ಕೇಳಬೇಕಾಗುತ್ತದೆ. ಅವುಗಳಲ್ಲಿ ಮೊದಲನೆಯದು ಮಾತು. ಮೆಣಸು ಎಂಬುದು ಕನ್ನಡದಲ್ಲಿ ಮೂಲತಃ ಬಳ್ಳಿಯ ಮೆಣಸಿನ ಹೆಸರು. ಅದನ್ನು ಕೊಳ್ಳಲು ಕಡಲು ದಾಟಿ ಬಂದ ಪೋರ್ಚುಗೀಸರೇ ಅಮೆರಿಕ ಖಂಡದ ಗಿಡವೊಂದನ್ನು ತಂದರು. ಅದರ ಖಾರದ ಕಾಯಿಗೆ ನಮ್ಮವರು ಮೆಣಸಿನಕಾಯಿ ಎಂದರು. ಹೊಸಬನು ಮನೆತುಂಬ ಹಬ್ಬಿದ ಮೇಲೆ ಹಳೆಯ ಯಜಮಾನನಿಗೇ ವಿಶೇಷಣವು ಬೇಕಾಯಿತು. ಅದು ಕಾಳುಮೆಣಸಾಯಿತು, ಕರಾವಳಿಯ ಕೆಲವೆಡೆ ಒಳ್ಳೆಮೆಣಸಾಯಿತು. ಗೆಣಸು ಎಂಬ ಹಳೆಯ ದೇಶ್ಯ ಶಬ್ದವೂ ಹೀಗೆಯೇ ಸಾಗರದಾಚೆಯಿಂದ ಬಂದ ಸಿಹಿಗೆಡ್ಡೆಗೆ ಅಂಟಿಕೊಂಡಿತು. ಬದನೆ, ಸೌತೆ, ಹಾಗಲ, ಪಡುವಲಗಳು ಅದಕ್ಕಿಂತ ಹಿಂದಿನವು. ಹೀಗಾಗಿ ಇಲ್ಲಿನ ಒಂದು ಮಡಿಯಲ್ಲಿ ಅಕ್ಕಪಕ್ಕದಲ್ಲಿ ನಿಂತ ಎರಡು ಗಿಡಗಳ ನಡುವೆ ಸಾವಿರಾರು ವರ್ಷಗಳ ಅಂತರವಿರಬಹುದು.

ಎರಡನೆಯ ಸಾಕ್ಷಿ ಕೆಲಸ. ಬತ್ತದ ಕೊಯ್ಲು ಮುಗಿದೊಡನೆ, ಮಣ್ಣಿನ ಹಸಿ ಆರುವುದಕ್ಕೆ ಮೊದಲೇ, ಕೂಳೆಯನ್ನು ಉತ್ತು ಹೆಂಟೆಯನ್ನೊಡೆದು ನೆಲವನ್ನು ಹುಡಿಮಾಡುವರು. ಕೆಲವು ಗದ್ದೆಗಳು ಉದ್ದು, ಅಲಸಂದೆ, ಶೇಂಗಾಗಳಿಗೆ ಸಲ್ಲುತ್ತವೆ. ನೀರು ಹತ್ತಿರವಿರುವ ಗದ್ದೆಗಳಲ್ಲಿ ತರಕಾರಿಯ ಮಡಿಗಳು ಏಳುತ್ತವೆ. ಮಳೆಗಾಲದಲ್ಲಿ ತುಂಬಿಹೋದ ಗುಂಡಿಯನ್ನು ಮರಳಿ ತೋಡುವುದು, ಒಲೆಯ ಬೂದಿ, ಹಟ್ಟಿಯ ಗೊಬ್ಬರಗಳನ್ನು ಹೊತ್ತು ತಂದು ಬೆರೆಸುವುದು, ದನಗಳು ನುಗ್ಗದಂತೆ ಬೇಲಿ ಕಟ್ಟುವುದು, ಇವು ಮಾರ್ಗಶಿರದ ಕೆಲಸಗಳು. ಪುಷ್ಯ ಮಾಘಗಳಲ್ಲಿ ನೀರಿನ ಕೆಲಸವೇ ಮುಖ್ಯ. ಬೆಳಗ್ಗೆ ಇಬ್ಬನಿ ಆರುವ ಮೊದಲೊಮ್ಮೆ, ಸಂಜೆ ಬಿಸಿಲು ತಗ್ಗಿದ ಮೇಲೊಮ್ಮೆ, ಎರಡು ಕೈಗಳಲ್ಲಿ ಎರಡು ಕೊಡಗಳನ್ನು ಹಿಡಿದು ಗುಂಡಿಗಿಳಿದು ಏರಿ, ಬೇರು ಕದಡದಂತೆ ಸಾಲುಸಾಲಾಗಿ ಹನಿಸಬೇಕು. ಮರಳು ನೀರನ್ನು ಹಿಡಿದಿಟ್ಟುಕೊಳ್ಳದು. ಒಂದು ದಿನ ತಪ್ಪಿದರೆ ಸಸಿ ಬಾಡುತ್ತದೆ. ಈ ಕೊಡ ಹೊತ್ತವರಲ್ಲಿ ಹೆಂಗಸರದೇ ಹೆಚ್ಚಿನ ಪಾಲು. ಹಾಲಕ್ಕಿ ಒಕ್ಕಲಿಗ ಹೆಂಗಸರು ಬೆಳೆದ ಸೊಪ್ಪು ತರಕಾರಿಗಳನ್ನು ತಾವೇ ಬುಟ್ಟಿಗೆ ತುಂಬಿ ಪೇಟೆಗೆ ಒಯ್ದು ಮಾರುವುದು ಅಂಕೋಲೆ ಕುಮಟೆಗಳ ಬೀದಿಯಲ್ಲಿ ಚಿರಪರಿಚಿತವಾದ ದೃಶ್ಯ.

ಫಲವು ಒಂದೇ ಸಲಕ್ಕೆ ಬರುವುದಿಲ್ಲ. ಬಿತ್ತಿದ ತಿಂಗಳೊಳಗೆ ಹರಿವೆ ಕೈಗೆ ಬರುತ್ತದೆ. ಬಸಳೆಯ ಕುಡಿ ಚಿವುಟಿದಷ್ಟೂ ಚಿಗುರುತ್ತದೆ. ಅನಂತರ ಬದನೆ, ಬೆಂಡೆ, ಸೌತೆ; ಬಿಸಿಲೇರಿದಂತೆ ಮೊಗೆಕಾಯಿ, ಕುಂಬಳ, ಕಲ್ಲಂಗಡಿ. ಬಲಿತ ಮೊಗೆಕಾಯಿಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿಗೆ ತೂಗಬಿಟ್ಟರೆ ಮುಂದಿನ ಮಳೆಗಾಲದ ಹುಳಿಗೆ ಅದೇ ಆಧಾರ. ಮಾಗಿಯ ದುಡಿಮೆ ಆಷಾಢದ ಊಟವನ್ನು ಕಾಯುವುದು ಹೀಗೆ. ಹೋಳಿ ಹುಣ್ಣಿಮೆಯ ಮುನ್ನ ಹಾಲಕ್ಕಿಗಳ ಸುಗ್ಗಿಯ ಮೇಳವು ಮನೆಮನೆಗೆ ಬರುವ ವೇಳೆಗೆ ಈ ಕೆಲಸಗಳು ಬಹುಮಟ್ಟಿಗೆ ಹದಕ್ಕೆ ಬಂದಿರುತ್ತವೆ.

ಇವೆಲ್ಲಕ್ಕೂ ಕಳಶಪ್ರಾಯವಾದುದು ಈ ತಾಲ್ಲೂಕಿನ ಸಿಹಿ ನೀರುಳ್ಳಿ. ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿ ಮುಂತಾದ ಊರುಗಳು ಇದಕ್ಕೆ ಹೆಸರಾದವು. ಬತ್ತದ ಅನಂತರ ಸಸಿ ಮಾಡಿ ನೆಟ್ಟು, ಎಲೆಯ ಕತ್ತು ಬಾಗಿದಾಗ ನೀರು ನಿಲ್ಲಿಸಿ, ಮಾರ್ಚಿ ಏಪ್ರಿಲಿನಲ್ಲಿ ಕಿತ್ತು ಒಣಗಿಸಿ, ಒಣಗಿದ ಎಲೆಗಳನ್ನೇ ಜಡೆಯಂತೆ ಹೆಣೆದು ಗೊಂಚಲು ಮಾಡುವರು. ಹೆದ್ದಾರಿಯ ಬದಿಯಲ್ಲಿ ಸಾಲಾಗಿ ತೂಗುವ ಈ ಕೆಂಪು ಗೊಂಚಲುಗಳನ್ನು ಪ್ರಯಾಣಿಕರು ಬಲ್ಲರು. ನೀರುಳ್ಳಿಯ ಘಾಟಿಗೆ ಕಾರಣ ಗಂಧಕದ ಅಂಶವುಳ್ಳ ವಸ್ತುಗಳು. ಗಂಧಕವು ಕಡಮೆಯಿರುವ ಮರಳುನೆಲದಲ್ಲಿ ಘಾಟು ತಗ್ಗಿ ಸಿಹಿ ಮುಂದಾಗುವುದು ಸಸ್ಯಶಾಸ್ತ್ರಜ್ಞರಿಗೆ ತಿಳಿದ ಸಂಗತಿ.

ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ನೀರುಳ್ಳಿಯ ಬೀಜ ಬಹುಕಾಲ ಬಾಳುವುದಿಲ್ಲ. ಒಂದೆರಡು ವರ್ಷ ಕಳೆದರೆ ಮೊಳೆಯುವ ಶಕ್ತಿ ಕುಂದುತ್ತದೆ. ಆದ್ದರಿಂದ ಒಳ್ಳೆಯ ಗೆಡ್ಡೆಗಳನ್ನು ಮಾರದೆ ಆಯ್ದಿರಿಸಿ, ಮರಳಿ ನೆಟ್ಟು, ಹೂಬಿಡಿಸಿ, ಬೀಜ ಕಟ್ಟಿಸಿಕೊಳ್ಳುವ ಕೆಲಸವನ್ನು ಯಾರಾದರೊಬ್ಬರು ಎಡೆಬಿಡದೆ ಮಾಡುತ್ತಲೇ ಇರಬೇಕು. ಶಾಸನವು ನಾನೂರು ವರ್ಷ ಮಣ್ಣಿನಲ್ಲಿ ಹೂತಿದ್ದರೂ ಓದಲು ಬರುತ್ತದೆ. ಈ ಬೀಜದ ಪರಂಪರೆ ನಾಲ್ಕು ವರ್ಷ ಕಡಿದುಹೋದರೆ ಆ ತಳಿಯೇ ಹೋಯಿತು. ನಮ್ಮ ಕೈಗೆ ಬಂದ ಒಂದು ಗೊಂಚಲೆಂದರೆ, ಹೆಸರಿಲ್ಲದ ಎಷ್ಟೋ ಜನ ಒಬ್ಬರಾದ ಮೇಲೊಬ್ಬರು ತಪ್ಪದೆ ನಡೆಸಿಕೊಂಡು ಬಂದ ವ್ರತದ ಫಲವೆಂದರೆ ಅತಿಶಯೋಕ್ತಿಯಲ್ಲ.

ಮೂರನೆಯ ಸಾಕ್ಷಿ ಭೂಮಿಯ ಹಕ್ಕು. ಕೆನರಾದಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯ ಒಕ್ಕಲುತನವಿದ್ದಿತು. ಮೂಲಗೇಣಿಯವನಿಗೆ ನೆಲವು ಶಾಶ್ವತ. ಚಾಲಗೇಣಿಯವನಾದರೋ ಒಡೆಯನ ಇಚ್ಛೆಯಿರುವಷ್ಟು ಕಾಲ ಮಾತ್ರ ಉಳುವವನು. ಮುಂದಿನ ವರ್ಷ ತನ್ನದೋ ಅಲ್ಲವೋ ಎಂದು ಅರಿಯದವನು ಬಾವಿಗೆ ಕಲ್ಲು ಕಟ್ಟಿಸುವುದಾದರೂ ಹೇಗೆ, ನೆಲಕ್ಕೆ ಗೊಬ್ಬರ ತುಂಬುವುದಾದರೂ ಯಾವ ಧೈರ್ಯದಿಂದ? ದಿನಕರ ದೇಸಾಯಿಯವರ ಮುಂದಾಳುತನದಲ್ಲಿ ನಡೆದ ರೈತ ಚಳವಳಿಯು ಈ ಪ್ರಶ್ನೆಯನ್ನೇ ಎತ್ತಿತು; ಅದಕ್ಕಾಗಿ ಅವರು ೧೯೪೦ರ ದಶಕದಲ್ಲಿ ಜಿಲ್ಲೆಯಿಂದ ಗಡೀಪಾರಾಗಬೇಕಾಯಿತು. ೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರನು ಉಳುವ ನೆಲಕ್ಕೆ ಒಡೆಯನಾಗುವ ದಾರಿ ತೆರೆಯಿತು. ತರಕಾರಿಯ ಮಡಿಗೂ ಕಾನೂನಿನ ಪುಟಕ್ಕೂ ಇರುವ ಸಂಬಂಧವು ಇಷ್ಟು ಹತ್ತಿರದ್ದು.

ದೂರದ ದೇಶಗಳಲ್ಲಿಯೂ ಈ ಮಾತು ಸತ್ಯವೇ. ಇಂಗ್ಲೆಂಡಿನಲ್ಲಿ ೧೯೦೮ರ ಕಾಯಿದೆಯು, ಬೇಡಿದ ಜನರಿಗೆ ತರಕಾರಿಯ ತುಂಡುನೆಲವನ್ನು ಬಾಡಿಗೆಗೆ ಒದಗಿಸುವ ಹೊಣೆಯನ್ನು ಸ್ಥಳೀಯ ಸಭೆಗಳ ಮೇಲೆ ಹೊರಿಸಿತು. ಎರಡು ಮಹಾಯುದ್ಧಗಳಲ್ಲಿಯೂ ಆ ತುಂಡುಗಳು ಪಟ್ಟಣಿಗರ ಹೊಟ್ಟೆಯನ್ನು ಕಾಯ್ದವು. ೧೯೪೨ರಲ್ಲಿ ಬರ್ಮಾ ಶತ್ರುವಶವಾಗಿ ಅಕ್ಕಿ ಬರುವುದು ನಿಂತಾಗ ಭಾರತದಲ್ಲಿಯೂ 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಘೋಷಣೆ ಎದ್ದಿತು. ಅಲ್ಲಿ ಆ ನೆಲವನ್ನು ಸಭೆಯು ಹಂಚಿತು. ಹೊಳನಗದ್ದೆಯ ಸೀಮೆಯಲ್ಲಿ ಅದನ್ನು ಋತುವೇ ಹಂಚುತ್ತದೆ. ಮಳೆಗಾಲದಲ್ಲಿ ಬತ್ತಕ್ಕೆ ಸಂದ ಗದ್ದೆಯೇ ನಾಲ್ಕು ತಿಂಗಳ ಮಟ್ಟಿಗೆ ಮನೆಯ ಕೈತೋಟವಾಗುತ್ತದೆ.

ಪಟ್ಟಣವಾಸಿಗಳಾದ ನಮಗೆ ಇದರಿಂದೇನು ಎಂದು ಕೇಳಬಹುದು. ಹೆದ್ದಾರಿಯ ಬದಿಯಲ್ಲಿ ಗೊಂಚಲನ್ನು ಚೌಕಾಸಿ ಮಾಡಿ ಕೊಳ್ಳುವವರು ನಾವು. ಗದ್ದೆಯನ್ನು ನಿವೇಶನವಾಗಿ ಕೊಳ್ಳುವವರೂ ನಮ್ಮಂಥವರೇ. ಮರಳನ್ನು ತೆಗೆದರೆ ನೀರಿಲ್ಲ, ನೀರು ಉಪ್ಪಾದರೆ ಮಡಿಯಿಲ್ಲ, ಮಡಿ ಒಂದೆರಡು ವರ್ಷ ಬರಿದಾದರೆ ಬೀಜವಿಲ್ಲ. ಹಳೆಯ ಕೋಟೆಗೆ ಕಾವಲಿಡಲು ಸರಕಾರದ ಇಲಾಖೆಯೊಂದುಂಟು. ಬೀಜಕ್ಕೆಂದು ಗೆಡ್ಡೆ ಆಯ್ದಿಡುವ ರೈತಳಿಗೆ ಅವಳ ಬೆಳೆಗೆ ಸಲ್ಲುವ ಬೆಲೆಯೇ ಕಾವಲು. ಆ ಬೆಲೆಯನ್ನು ಕೊಡುವುದೂ, ಕೊಡುವಾಗ ಗೊಂಚಲು ಯಾವ ಊರಿನದೆಂದು ಕೇಳಿ ತಿಳಿಯುವುದೂ ನಮ್ಮ ಪಾಲಿನ ಕರ್ತವ್ಯ.