ಗುರುರಾಜ ದೇಶಪಾಂಡೆ

ದತ್ತಾಂಶ ಸಂವಹನದ ಯಂತ್ರಗಳನ್ನು ನಿರ್ಮಿಸಿ ವಿಖ್ಯಾತರಾದ ಎಂಜಿನಿಯರು, ಉದ್ಯಮಿ. 1950ರಲ್ಲಿ ಹುಬ್ಬಳ್ಳಿಯಲ್ಲಿ ಜನಿಸಿದ ಇವರು ಮದ್ರಾಸಿನ ಐಐಟಿಯಲ್ಲಿ ವಿದ್ಯುತ್ ಎಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿ, ಕೆನಡಾ ದೇಶದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾನಿಲಯದಿಂದ ಸ್ನಾತಕೋತ್ತರ ಪದವಿಯನ್ನೂ ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟನ್ನೂ ಪಡೆದು, ಅನಂತರ ಮೊಟೊರೋಲಾದ ಅಂಗಸಂಸ್ಥೆಯಾದ ಕೊಡೆಕ್ಸ್ ಕಂಪನಿಯಲ್ಲಿ ಉದ್ಯೋಗ ಹಿಡಿದರು. ಅಮೆರಿಕದಲ್ಲಿ ಪಾಲುದಾರರೊಡನೆ ಆರಂಭಿಸಿದ ಕೋರಲ್ ನೆಟ್‌ವರ್ಕ್ಸ್ ಎಂಬ ಪ್ರಥಮ ಉದ್ಯಮವನ್ನು ಅಭಿಪ್ರಾಯಭೇದದ ನಿಮಿತ್ತ ತೊರೆದರು.

ಇವರ ಕೀರ್ತಿಗೆ ಮೂಲವಾದುದು 1990ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಸ್ಥಾಪಿಸಿದ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್. ದೂರದೂರದ ಶಾಖೆಗಳ ಕಂಪ್ಯೂಟರುಗಳನ್ನು ಜೋಡಿಸಬೇಕಾದ ಸಂಸ್ಥೆಯು ಪ್ರತಿ ಎರಡು ಶಾಖೆಗಳ ನಡುವೆಯೂ ಪ್ರತ್ಯೇಕವಾದ ತಂತಿಮಾರ್ಗವನ್ನು ಬಾಡಿಗೆಗೆ ಹಿಡಿದು, ಅದು ಬಹುಪಾಲು ಹೊತ್ತು ನಿರುಪಯುಕ್ತವಾಗಿದ್ದರೂ ಪೂರ್ಣ ಶುಲ್ಕವನ್ನು ತೆರಬೇಕಾಗಿದ್ದ ಕಾಲದಲ್ಲಿ, ದತ್ತಾಂಶವನ್ನು ಚೌಕಟ್ಟುಗಳಾಗಿ ವಿಭಾಗಿಸಿ, ದೋಷಪರಿಹಾರದ ಹೊಣೆಯನ್ನು ಎರಡು ತುದಿಗಳ ಯಂತ್ರಗಳಿಗೇ ಬಿಟ್ಟು, ಒಂದೇ ಮಾರ್ಗದಲ್ಲಿ ಅನೇಕ ಗ್ರಾಹಕರ ಸಂಚಾರವನ್ನು ಸಾಗಿಸುವ ಫ್ರೇಮ್ ರಿಲೇ ಪದ್ಧತಿಗೆ ಉಚಿತವಾದ ಸ್ವಿಚ್ಚುಗಳನ್ನು ಕ್ಯಾಸ್ಕೇಡ್ ಒದಗಿಸಿತು. ಇಂಟರ್‌ನೆಟ್ಟು ವ್ಯಾಪಿಸುತ್ತಿದ್ದಂತೆ ದೂರವಾಣಿ ಕಂಪನಿಗಳು ಇವನ್ನು ವಿಪುಲವಾಗಿ ಕೊಂಡುಕೊಂಡವು. 1997ರಲ್ಲಿ ಅಸೆಂಡ್ ಕಂಪನಿಯು ಸುಮಾರು 370 ಕೋಟಿ ಡಾಲರಿಗೆ ಕ್ಯಾಸ್ಕೇಡನ್ನು ಖರೀದಿಸಿತು.

ಮರುವರ್ಷವೇ ಡೇನಿಯಲ್ ಸ್ಮಿತ್ ಮೊದಲಾದವರೊಡನೆ, ಬೆಳಕಿನ ತಂತುಗಳ ಜಾಲಕ್ಕೆ ಬೇಕಾದ ಉಪಕರಣಗಳನ್ನು ನಿರ್ಮಿಸಲು ಇವರು ಸಿಕಮೋರ್ ನೆಟ್‌ವರ್ಕ್ಸ್ ಕಂಪನಿಯನ್ನು ಸ್ಥಾಪಿಸಿದರು. 1999ರ ಅಕ್ಟೋಬರಿನಲ್ಲಿ 38 ಡಾಲರಿನಂತೆ ಮಾರಿದ ಇದರ ಷೇರು ಮೊದಲ ದಿನವೇ 184 ಡಾಲರನ್ನು ಮೀರಿತು; ಆಗ ಕಂಪನಿಗಿದ್ದ ಗ್ರಾಹಕ ವಿಲಿಯಮ್ಸ್ ಕಮ್ಯುನಿಕೇಷನ್ಸ್ ಒಂದೇ! ದೇಶಪಾಂಡೆಯವರು ಅತ್ಯಂತ ಧನಿಕರಾದ ಭಾರತೀಯರಲ್ಲೊಬ್ಬರೆಂದು ಪತ್ರಿಕೆಗಳು ಬಣ್ಣಿಸತೊಡಗಿದುದು ಆಗಲೇ. ಆದರೆ ಆ ಐಶ್ವರ್ಯವು ಮಾರಾಟಕ್ಕಿಂತ ನಿರೀಕ್ಷೆಯನ್ನೇ ಅವಲಂಬಿಸಿದ್ದುದರಿಂದ, ದೂರಸಂಪರ್ಕ ಕಂಪನಿಗಳು ಸಾಲದ ಭಾರಕ್ಕೆ ಕುಸಿದು 2002ರಲ್ಲಿ ವಿಲಿಯಮ್ಸ್ ಸಂಸ್ಥೆಯೂ ದಿವಾಳಿಯಾಗುವ ವೇಳೆಗೆ ಅದರ ಬಹುಭಾಗ ಕರಗಿಹೋಗಿದ್ದಿತು. ಸಿಕಮೋರಿನ ವ್ಯವಹಾರವು 2013ರಲ್ಲಿ ಪರಹಸ್ತವಾಯಿತು. ಎಂಜಿನಿಯರನ ಸಾಧನೆಯನ್ನು ಷೇರುಪೇಟೆಯ ಅಳತೆಗೋಲಿನಿಂದ ಅಳೆಯುವುದು ಯುಕ್ತವಲ್ಲ. ಆ ದೃಷ್ಟಿಯಿಂದ ಸಿಕಮೋರಿಗಿಂತ ಕ್ಯಾಸ್ಕೇಡೇ ಇವರ ಶ್ರೇಷ್ಠ ನಿರ್ಮಿತಿ.

ಪತ್ನಿ ಜಯಶ್ರೀಯವರೊಡನೆ ಕೂಡಿ ಇತ್ತ 2 ಕೋಟಿ ಡಾಲರುಗಳ ದೇಣಿಗೆಯಿಂದ 2002ರಲ್ಲಿ ಎಂಐಟಿಯಲ್ಲಿ, ಪ್ರಯೋಗಶಾಲೆಯ ಸಂಶೋಧನೆಗಳನ್ನು ಉದ್ಯಮವಾಗಿಸಲು ನೆರವಾಗುವ ದೇಶಪಾಂಡೆ ಕೇಂದ್ರವು ಆರಂಭವಾಯಿತು. 2010ರಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮರು ನಾವೀನ್ಯ ಹಾಗೂ ಉದ್ಯಮಶೀಲತೆಯ ರಾಷ್ಟ್ರೀಯ ಸಲಹಾಮಂಡಲಿಗೆ ಇವರನ್ನು ಸಹಾಧ್ಯಕ್ಷರನ್ನಾಗಿ ನೇಮಿಸಿದರು. ದೇಶಪಾಂಡೆ ಪ್ರತಿಷ್ಠಾನವು ಹುಬ್ಬಳ್ಳಿಯಲ್ಲಿ ನೆಲೆಗೊಂಡು ಉತ್ತರ ಕರ್ನಾಟಕದ ತರುಣರಿಗೂ ಕೃಷಿಕರಿಗೂ ಉದ್ಯಮ ಕೌಶಲಗಳಲ್ಲಿ ತರಬೇತಿಯನ್ನು ನೀಡುತ್ತಿದೆ.