ವರ್ಚುವಲ್ ಮಷೀನ್‌ಗಳ ಕ್ಲಸ್ಟರ್ ಸ್ಥಳಾಂತರ: ಜಾಲದ ಅಗತ್ಯಗಳು

ಹೈಪರ್‌ವೈಸರ್ ಎಂಬ ತಂತ್ರಾಂಶದ ಆಸರೆಯಲ್ಲಿ, ಭೌತಿಕ ಸರ್ವರ್‌ನೊಳಗೆ ತನ್ನದೇ ಕಾರ್ಯಾಚರಣ ವ್ಯವಸ್ಥೆ, ಮೆಮೊರಿ ಮತ್ತು ಡಿಸ್ಕ್ ಹೊಂದಿ ನಡೆಯುವ ಗಣಕವನ್ನು ವರ್ಚುವಲ್ ಮಷೀನ್ ಎಂದೂ, ಒಂದೇ ನಿರ್ವಹಣೆಗೆ ಒಳಪಟ್ಟ ಸರ್ವರ್‌ಗಳ ಸಮೂಹವನ್ನು ಕ್ಲಸ್ಟರ್ ಎಂದೂ ಕರೆಯುತ್ತಾರೆ. ನಡೆಯುತ್ತಿರುವ ವರ್ಚುವಲ್ ಮಷೀನನ್ನು ಸ್ಥಗಿತಗೊಳಿಸದೆಯೇ ಬೇರೆ ಸರ್ವರ್‌ಗೆ ಸಾಗಿಸುವ ಲೈವ್ ಮೈಗ್ರೇಷನ್ ವಿಧಾನವನ್ನು ವಿಎಂವೇರ್ ಸಂಸ್ಥೆ 2003ರಲ್ಲಿ ವಿಮೋಷನ್ ಹೆಸರಿನಲ್ಲಿ ಬಳಕೆಗೆ ತಂದಿತು. ಕೇಂಬ್ರಿಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಬಂಧವು, ಕ್ಸೆನ್ ಹೈಪರ್‌ವೈಸರ್‌ನ ಮೇಲೆ ಸೇವೆಯ ವಿರಾಮವನ್ನು 60 ಮಿಲಿಸೆಕೆಂಡಿನವರೆಗೂ ತಗ್ಗಿಸಬಹುದೆಂದು ತೋರಿಸಿತು. ಒಂದೇ ಕ್ಲಸ್ಟರ್‌ನೊಳಗೆ ಸ್ಟೋರೇಜೂ ಜಾಲವೂ ಸಾಮಾನ್ಯವಾಗಿ ಎಲ್ಲ ಸರ್ವರ್‌ಗಳಿಗೂ ಸಮಾನವಾಗಿ ದೊರೆಯುತ್ತವೆ. ಎರಡು ಕ್ಲಸ್ಟರ್‌ಗಳ ನಡುವೆ ಇವುಗಳಲ್ಲಿ ಯಾವುದೂ ಇದೆಯೆಂದು ಭಾವಿಸುವಂತಿಲ್ಲವಾದ್ದರಿಂದ, ಜಾಲದ ಮೇಲೆ ಎರಡು ಬೇರೆ ಬೇರೆ ಹೊಣೆಗಳು ಬೀಳುತ್ತವೆ: ಮಷೀನಿನ ಸ್ಥಿತಿಯನ್ನು ಸಕಾಲದಲ್ಲಿ ಸಾಗಿಸುವುದು ಮತ್ತು ಹೊಸ ನೆಲೆಯಲ್ಲಿಯೂ ಅದರ ಹಳೆಯ ವಿಳಾಸಕ್ಕೆ ದಾರಿ ಇರುವಂತೆ ನೋಡಿಕೊಳ್ಳುವುದು. ಯೋಜನೆ ರೂಪಿಸುವವರ ಗಮನ ಹೆಚ್ಚಾಗಿ ಮೊದಲನೆಯದರ ಮೇಲೆ ನೆಟ್ಟಿರುತ್ತದೆ, ಕಠಿಣವಾದುದು ಎರಡನೆಯದು.

ಮೆಮೊರಿಯ ಸಾಗಣೆ ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಇಡೀ ಮೆಮೊರಿಯನ್ನು ನಕಲಿಸಲಾಗುತ್ತದೆ, ಆ ಹೊತ್ತಿನಲ್ಲಿ ಮಷೀನ್ ಬದಲಿಸಿದ ಪುಟಗಳನ್ನು, ಅಂದರೆ ಮೆಮೊರಿಯ ತುಂಡುಗಳನ್ನು, ಎರಡನೆಯ ಸುತ್ತಿನಲ್ಲಿ ಕಳುಹಿಸಲಾಗುತ್ತದೆ, ಹೀಗೆ ಉಳಿಕೆ ತೀರ ಕಡಿಮೆಯಾದಾಗ ಮಷೀನನ್ನು ಕ್ಷಣಕಾಲ ನಿಲ್ಲಿಸಿ ಕೊನೆಯ ಪುಟಗಳನ್ನೂ ಪ್ರೊಸೆಸರಿನ ಸ್ಥಿತಿಯನ್ನೂ ದಾಟಿಸಲಾಗುತ್ತದೆ. 64 ಗಿಗಾಬೈಟ್ ಮೆಮೊರಿಯ ಮಷೀನೊಂದು ಸೆಕೆಂಡಿಗೆ 200 ಮೆಗಾಬೈಟ್‌ನಷ್ಟು ಪುಟಗಳನ್ನು ಬದಲಿಸುತ್ತಿದೆ ಎಂದು ಭಾವಿಸಿದರೆ, ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಜಾಲದಲ್ಲಿ ಮೊದಲ ಸುತ್ತಿಗೆ ಸುಮಾರು 51 ಸೆಕೆಂಡು, ಎರಡನೆಯದಕ್ಕೆ 8, ಮೂರನೆಯದಕ್ಕೆ ಒಂದಕ್ಕಿಂತ ತುಸು ಹೆಚ್ಚು ಸೆಕೆಂಡು ಬೇಕಾಗಿ ಕೆಲಸ ಬೇಗ ಮುಗಿಯುತ್ತದೆ. ಅದೇ ಮಷೀನನ್ನು 1 ಗಿಗಾಬಿಟ್ ಜಾಲದಲ್ಲಿ ಸಾಗಿಸಹೊರಟರೆ, ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಮಾತ್ರ ಹೋಗುವುದರಿಂದ ಬದಲಾವಣೆಯೇ ಸಾಗಣೆಯನ್ನು ಹಿಂದಿಕ್ಕುತ್ತದೆ, ಸುತ್ತುಗಳು ಎಷ್ಟು ನಡೆದರೂ ಉಳಿಕೆ ಕರಗುವುದಿಲ್ಲ. ವಿಎಂವೇರ್‌ನ ವಿಸ್ಫಿಯರ್ ತಂತ್ರಾಂಶದ 2011ರ 5.0 ಆವೃತ್ತಿಯು ಇಂಥ ಸಂದರ್ಭದಲ್ಲಿ ವರ್ಚುವಲ್ ಪ್ರೊಸೆಸರಿನ ವೇಗವನ್ನೇ ತಗ್ಗಿಸುವ ಉಪಾಯವನ್ನು ತಂದಿತು. ಸಾಗಣೆ ಪೂರ್ಣಗೊಳ್ಳುತ್ತದೆ, ಆದರೆ ಜಾಲದ ಕೊರತೆಯ ಬೆಲೆಯನ್ನು ಆ ಮಷೀನಿನ ಬಳಕೆದಾರರು ತೆರುತ್ತಾರೆ. ಎರಡು ಕ್ಲಸ್ಟರ್‌ಗಳಿಗೆ ಸಮಾನ ಸ್ಟೋರೇಜ್ ಇಲ್ಲದಿದ್ದರೆ ಡಿಸ್ಕ್ ಕೂಡ ಇದೇ ಹಾದಿಯಲ್ಲಿ ಬರಬೇಕಾಗಿದ್ದು, 500 ಗಿಗಾಬೈಟ್ ಡಿಸ್ಕಿಗೆ 10 ಗಿಗಾಬಿಟ್ ಜಾಲವನ್ನು ಇಡಿಯಾಗಿ ಬಿಟ್ಟುಕೊಟ್ಟರೂ 400 ಸೆಕೆಂಡು ಬೇಕು.

2015ರಲ್ಲಿ ಬಂದ ವಿಸ್ಫಿಯರ್ 6.0, ಬೇರೆ ಬೇರೆ ವಿಸೆಂಟರ್ ನಿರ್ವಹಣಾ ಸರ್ವರ್‌ಗಳ ಅಡಿಯಲ್ಲಿರುವ ಕ್ಲಸ್ಟರ್‌ಗಳ ನಡುವೆಯೂ ಸ್ಥಳಾಂತರಕ್ಕೆ ಅವಕಾಶ ಕೊಟ್ಟಿತು. ದೂರದ ಸ್ಥಳಾಂತರಕ್ಕೆ ಅದು ಒಡ್ಡುವ ಷರತ್ತುಗಳಲ್ಲಿ ಪ್ರತಿ ಸಾಗಣೆಗೆ ಸೆಕೆಂಡಿಗೆ 250 ಮೆಗಾಬಿಟ್ ಮತ್ತು 150 ಮಿಲಿಸೆಕೆಂಡು ಮೀರದ ಹೋಗಿಬರುವ ವಿಳಂಬ ಮುಖ್ಯವಾದವು. ಇವು ಅನುಮತಿಯ ಕನಿಷ್ಠ ಮಿತಿಗಳೇ ಹೊರತು ಯಶಸ್ಸಿನ ಭರವಸೆಯಲ್ಲ: 250 ಮೆಗಾಬಿಟ್ ಎಂದರೆ ಸೆಕೆಂಡಿಗೆ ಸುಮಾರು 31 ಮೆಗಾಬೈಟ್ ಮಾತ್ರ, 64 ಗಿಗಾಬೈಟ್ ಮೆಮೊರಿಯ ಮೊದಲ ಸುತ್ತಿಗೇ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆಪ್ಟಿಕಲ್ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುವುದರಿಂದ ಪ್ರತಿ 100 ಕಿಲೋಮೀಟರ್ ತಂತುವಿಗೆ ಹೋಗಿಬರುವ ವಿಳಂಬ 1 ಮಿಲಿಸೆಕೆಂಡಿನಷ್ಟು ಹೆಚ್ಚುತ್ತದೆ, ಯಾವ ಸಲಕರಣೆಯಿಂದಲೂ ಇದನ್ನು ಕುಗ್ಗಿಸಲಾಗದು. ಅದಕ್ಕಿಂತ ಮುಖ್ಯವಾಗಿ, ಸಾಗಣೆ ತಾಳಿಕೊಳ್ಳುವ ವಿಳಂಬವನ್ನು ಅನ್ವಯವೂ ತಾಳಿಕೊಳ್ಳುತ್ತದೆ ಎನ್ನುವಂತಿಲ್ಲ. ಡೇಟಾಬೇಸ್ ಹಳೆಯ ಕ್ಲಸ್ಟರ್‌ನಲ್ಲಿಯೇ ಉಳಿದು ಅನ್ವಯದ ಮಷೀನ್ ಮಾತ್ರ 10 ಮಿಲಿಸೆಕೆಂಡು ದೂರಕ್ಕೆ ಹೋದಾಗ, ಒಂದರ ನಂತರ ಒಂದರಂತೆ 200 ಪ್ರಶ್ನೆಗಳನ್ನು ಕೇಳಿ ಸಿದ್ಧವಾಗುವ ವೆಬ್ ಪುಟ ಎರಡು ಸೆಕೆಂಡು ತಡವಾಗುತ್ತದೆ. ಆದ್ದರಿಂದ ಪರಸ್ಪರ ಅವಲಂಬಿಸಿರುವ ಮಷೀನ್‌ಗಳನ್ನು ಗುರುತಿಸಿ ಒಟ್ಟಿಗೆ ಸಾಗಿಸುವುದು ವಿವೇಕದ ಮಾರ್ಗ.

ಎರಡನೆಯ ಹೊಣೆ ವಿಳಾಸಕ್ಕೆ ಸಂಬಂಧಿಸಿದ್ದು. ಲೈವ್ ಮೈಗ್ರೇಷನ್ ಮಷೀನಿನ ಐಪಿ ವಿಳಾಸವನ್ನಾಗಲಿ ಮ್ಯಾಕ್ ವಿಳಾಸವನ್ನಾಗಲಿ ಬದಲಿಸುವುದಿಲ್ಲ. ಬದಲಿಸಿದರೆ ತೆರೆದಿರುವ ಸಂಪರ್ಕಗಳೆಲ್ಲ ಕಡಿದುಹೋಗುತ್ತವೆ. ಹೀಗಾಗಿ ಗುರಿ ಕ್ಲಸ್ಟರ್‌ನಲ್ಲಿಯೂ ಅದೇ ಎರಡನೆಯ ಪದರದ ಜಾಲ, ಅಂದರೆ ರೂಟರ್ ದಾಟದೆ ಮ್ಯಾಕ್ ವಿಳಾಸದಿಂದಲೇ ತಲುಪಬಹುದಾದ ವಲಯ, ಲಭ್ಯವಿರಬೇಕು. ಮಷೀನ್ ಹೊಸ ಸರ್ವರ್‌ನಲ್ಲಿ ಎಚ್ಚೆತ್ತ ಕೂಡಲೇ ಹೈಪರ್‌ವೈಸರ್ ಅದರ ಪರವಾಗಿ ಆರ್‌ಎಆರ್‌ಪಿ ಬಗೆಯ ಘೋಷಣೆಯನ್ನು ಹೊರಡಿಸುತ್ತದೆ, ಅದನ್ನು ಕಂಡ ಸ್ವಿಚ್‌ಗಳು ಆ ಮ್ಯಾಕ್ ವಿಳಾಸ ಈಗ ಬೇರೆ ಪೋರ್ಟಿನ ಆಚೆ ಇದೆಯೆಂದು ತಮ್ಮ ಪಟ್ಟಿಯನ್ನು ತಿದ್ದಿಕೊಳ್ಳುತ್ತವೆ. ಗುರಿ ಸರ್ವರ್‌ಗೆ ಜೋಡಿಸಿದ ಸ್ವಿಚ್ ಪೋರ್ಟಿನಲ್ಲಿ, ಎರಡನೆಯ ಪದರದ ಜಾಲವನ್ನು ವಿಭಾಗಿಸುವ ಸಂಬಂಧಿತ ವಿಲ್ಯಾನ್‌ಗೆ ಅವಕಾಶವಿಲ್ಲದಿದ್ದರೆ, ಸ್ಥಳಾಂತರ ಯಶಸ್ವಿಯಾಯಿತೆಂದು ನಿರ್ವಹಣಾ ಪರದೆ ತೋರಿಸುತ್ತಿರುವಾಗಲೇ ಮಷೀನ್ ಯಾರಿಗೂ ಸಿಗದಂತಾಗುತ್ತದೆ.

ಎರಡು ದತ್ತಾಂಶ ಕೇಂದ್ರಗಳ ನಡುವೆ ವಿಲ್ಯಾನನ್ನು ನೇರವಾಗಿ ಚಾಚಿದರೆ ಒಂದು ಕಡೆಯ ಪ್ರಸಾರ ಬಿರುಗಾಳಿ, ಅಂದರೆ ಎಲ್ಲರಿಗೂ ಹೋಗುವ ಚೌಕಟ್ಟುಗಳ ಹತೋಟಿ ಮೀರಿದ ಪ್ರವಾಹ, ಇನ್ನೊಂದು ಕಡೆಯನ್ನೂ ಕೆಡವುತ್ತದೆ. ಈ ಕಾರಣಕ್ಕೆ, 2014ರಲ್ಲಿ ಆರ್‌ಎಫ್‌ಸಿ 7348 ಆಗಿ ಪ್ರಕಟವಾದ ವಿಎಕ್ಸ್‌ಲ್ಯಾನ್‌ನಂಥ ಹೊದಿಕೆ ಜಾಲಗಳು, ಅಂದರೆ ಎರಡನೆಯ ಪದರದ ಚೌಕಟ್ಟುಗಳನ್ನು ಐಪಿ ಪೊಟ್ಟಣಗಳೊಳಗಿಟ್ಟು ರೂಟರ್‌ಗಳ ಮೂಲಕ ಒಯ್ಯುವ ವ್ಯವಸ್ಥೆಗಳು, ಹೆಚ್ಚು ಸೂಕ್ತವೆನಿಸುತ್ತವೆ. ವಿಲ್ಯಾನ್‌ನ 12 ಬಿಟ್ ಗುರುತಿನಿಂದ 4094 ವಿಭಾಗಗಳಷ್ಟೇ ಸಾಧ್ಯವಾದರೆ, ವಿಎಕ್ಸ್‌ಲ್ಯಾನ್‌ನ 24 ಬಿಟ್ ಗುರುತು 1.6 ಕೋಟಿಗೂ ಹೆಚ್ಚು ವಿಭಾಗಗಳಿಗೆ ಎಡೆಮಾಡುತ್ತದೆ. ಹೊದಿಕೆಗೇ 50 ಬೈಟ್ ವ್ಯಯವಾಗುವುದರಿಂದ ಅಡಿಯ ಜಾಲ 1500 ಬೈಟ್‌ಗಿಂತ ದೊಡ್ಡ ಪೊಟ್ಟಣಗಳನ್ನು ಒಯ್ಯಬಲ್ಲದಾಗಿರಬೇಕು. ವಿಭಾಗವನ್ನು ಚಾಚಿದ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ: ಗೇಟ್‌ವೇ ಮತ್ತು ಫೈರ್‌ವಾಲ್ ಹಳೆಯ ಕೇಂದ್ರದಲ್ಲಿಯೇ ಇದ್ದರೆ, ಹೊಸ ಕೇಂದ್ರದಲ್ಲಿ ಪಕ್ಕಪಕ್ಕದಲ್ಲಿರುವ ಬೇರೆ ಬೇರೆ ವಿಭಾಗಗಳ ಎರಡು ಮಷೀನ್‌ಗಳ ಮಾತುಕತೆಯೂ ಹಳೆಯ ಕೇಂದ್ರಕ್ಕೆ ಹೋಗಿ ಮರಳಬೇಕಾಗುತ್ತದೆ. ಎರಡೂ ಕಡೆ ಒಂದೇ ವಿಳಾಸದ ಗೇಟ್‌ವೇ ಇರಿಸಿದರೆ ಈ ಬಳಸುದಾರಿ ತಪ್ಪುತ್ತದೆ, ಆದರೆ ಸಂಪರ್ಕಗಳ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಫೈರ್‌ವಾಲ್‌ಗಳು, ಆರಂಭವನ್ನು ತಾವು ಕಾಣದ ಸಂಪರ್ಕದ ಪೊಟ್ಟಣಗಳನ್ನು ತಡೆದುಬಿಡುತ್ತವೆ. ಹಾಗಾಗಿ ಫೈರ್‌ವಾಲ್‌ನ ಸ್ಥಾನವನ್ನು ಸ್ಥಳಾಂತರಕ್ಕೆ ಮುಂಚೆಯೇ ನಿರ್ಧರಿಸಬೇಕು.

ವಿಮೋಷನ್ ಸಂಚಾರವನ್ನು ಪ್ರತ್ಯೇಕ ವಿಲ್ಯಾನ್‌ನಲ್ಲಿ ಇರಿಸುವ ರೂಢಿಗೆ ವೇಗದಷ್ಟೇ ಸುರಕ್ಷತೆಯೂ ಕಾರಣ. ಗೂಢಲಿಪೀಕರಣದ ಸೌಲಭ್ಯ ಬಂದದ್ದು 2016ರ ವಿಸ್ಫಿಯರ್ 6.5ರಲ್ಲಿ, ಅದಿಲ್ಲದ ಕಡೆ ಪಾಸ್‌ವರ್ಡ್‌ಗಳೂ ಕೀಲಿಗಳೂ ಸೇರಿದಂತೆ ಮೆಮೊರಿಯಲ್ಲಿರುವುದೆಲ್ಲ ತೆರೆದ ರೂಪದಲ್ಲಿಯೇ ತಂತಿಯ ಮೇಲೆ ಹರಿಯುತ್ತದೆ. ಬೇರೆ ಉಪಜಾಲದಲ್ಲಿರುವ ಕ್ಲಸ್ಟರ್‌ಗೆ ಸಾಗಿಸಬೇಕಾದಾಗ ವಿಮೋಷನ್‌ಗೆ ಮೀಸಲಾದ ಟಿಸಿಪಿ/ಐಪಿ ಸ್ಟ್ಯಾಕನ್ನು ಬಳಸಿ ಅದಕ್ಕೇ ಪ್ರತ್ಯೇಕ ಗೇಟ್‌ವೇ ಕೊಡಬಹುದು, ಜೊತೆಗೆ ನಡುವಿನ ಫೈರ್‌ವಾಲ್‌ಗಳಲ್ಲಿ ಟಿಸಿಪಿ ಪೋರ್ಟ್ 8000 ಎರಡೂ ದಿಕ್ಕಿಗೆ ತೆರೆದಿರಬೇಕು. 9000 ಬೈಟ್‌ನ ಜಂಬೊ ಚೌಕಟ್ಟುಗಳನ್ನು ಬಳಸುವುದಾದರೆ ಹಾದಿಯ ಪ್ರತಿಯೊಂದು ಸ್ವಿಚ್ಚೂ ಅವನ್ನು ಒಪ್ಪಬೇಕು. ಒಂದೇ ಒಂದು ಕೊಂಡಿ ಒಪ್ಪದಿದ್ದರೂ ಸಣ್ಣ ಪರೀಕ್ಷಾ ಪೊಟ್ಟಣಗಳು ಸಲೀಸಾಗಿ ದಾಟಿ, ನಿಜವಾದ ಸಾಗಣೆ ನಡುವೆ ಸ್ಥಗಿತಗೊಳ್ಳಬಹುದು. ಆದಕಾರಣ ತುಂಡರಿಸಬಾರದೆಂಬ ಗುರುತಿನೊಂದಿಗೆ 8972 ಬೈಟ್‌ಗಳ ಪಿಂಗ್ ಕಳುಹಿಸಿ, ಎರಡೂ ತುದಿಗಳಿಂದ ಹಾದಿಯನ್ನು ಮೊದಲೇ ಪರೀಕ್ಷಿಸುವುದು ವಾಡಿಕೆ.